ಸರಿ ಮಾಡುವುದೋ, ಹೊಸದು ಮಾಡುವುದೋ?

ಭಾನುವಾರ ಬೆಳಗ್ಗೆ ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಅಡ್ಡಾಡುವ ಅಭ್ಯಾಸವುಳ್ಳವರಿಗೆ ಈ ನೋಟ ಹೊಸದಲ್ಲ. ಒಂದು ಮನೆಯ ಜಗಲಿ. ಜಗಲಿಯ ಮೇಲೆ ಹಾಸಿದ ಹಳೆಯ ಪತ್ರಿಕೆಯ ಹಾಳೆಗಳು. ಹಾಳೆಗಳ ಮೇಲೆ ಸಾಲಾಗಿ ಜೋಡಿಸಿದ ಬೋಲ್ಟು, ನಟ್ಟು, ವಾಷರು, ಸ್ಪ್ರಿಂಗು. ಬಿಚ್ಚಿಟ್ಟ ಒಂದು ಕಾರ್ಬುರೇಟರು. ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ ಗೃಹಸ್ಥ. ವಾರವೆಲ್ಲ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಕಂಪ್ಯೂಟರಿನ ಮುಂದೆಯೋ ದುಡಿಯುವ ಮನುಷ್ಯ. ತಿಂಡಿಗೆ ಬನ್ನಿರೆಂದು ಒಳಗಿನಿಂದ ಎರಡು ಸಲ ಕರೆ ಬಂದಿದೆ; ಮೂರನೆಯ ಸಲಕ್ಕೆ ದನಿ ಬದಲಾಗಿದೆ. ಅವನಿಗೆ ಒಂದೂ ಕೇಳಿಸಿಲ್ಲ. ಹಾಸಿರುವ ಹಾಳೆ ಸಾಮಾನ್ಯವಾಗಿ ಸಾಹಿತ್ಯ ಪುರವಣಿಯದೇ ಆಗಿರುತ್ತದೆ. ಮುಖ್ಯ ಪತ್ರಿಕೆಯನ್ನು ಮನೆಯವರು ಇನ್ನೂ ಓದಿ ಮುಗಿಸಿರುವುದಿಲ್ಲವಲ್ಲ!

ಹಳೆಯ ಮೋಟಾರ್ ಸೈಕಲ್ಲು, ಹಳೆಯ ಕಾರುಗಳನ್ನು ರಿಪೇರಿ ಮಾಡಿ, ತಿದ್ದಿ, ಓಡುವಂತೆ ಮಾಡುವ ಈ ಹವ್ಯಾಸದ ಮಾತು ಸಾಹಿತ್ಯದ ಪುಟದಲ್ಲಿ ಏಕೆ ಎಂದು ಓದುಗರು ಕೇಳಬಹುದು. ಎರಡು ಕಾರಣಗಳುಂಟು. ಈ ಗೀಳನ್ನೇ ವಸ್ತುವಾಗಿ ಹಿಡಿದ ಕೆಲವು ಒಳ್ಳೆಯ ಕೃತಿಗಳು ಬಂದಿವೆ. ಅವನ್ನು ಒಟ್ಟಿಗೆ ಇಟ್ಟು ನೋಡಿದವರು ನಮ್ಮಲ್ಲಿ ಕಡಮೆ. ಇದು ಮೊದಲ ಕಾರಣ. ಎರಡನೆಯದು ಇದಕ್ಕಿಂತ ಮುಖ್ಯ. ಹಳೆಯ ಯಂತ್ರದ ಮುಂದೆ ಕುಳಿತವನು ಎದುರಿಸುವ ಪ್ರಶ್ನೆ ಮೂಲತಃ ವಿಮರ್ಶೆಯ ಪ್ರಶ್ನೆ. ಯಾವುದು ಮೂಲ, ಯಾವುದು ಆಮೇಲೆ ಸೇರಿದ್ದು, ಯಾವುದನ್ನು ಉಳಿಸಬೇಕು, ಯಾವುದನ್ನು ತಿದ್ದಬಹುದು ಎಂದು ಓಲೆಗರಿಯ ಮುಂದೆ ಕುಳಿತ ಗ್ರಂಥಸಂಪಾದಕ ಕೇಳಿಕೊಳ್ಳುವುದನ್ನೇ ಸ್ಪ್ಯಾನರು ಹಿಡಿದವನೂ ಕೇಳಿಕೊಳ್ಳಬೇಕು. ಕೇಳಿಕೊಳ್ಳದಿದ್ದರೆ ಏನಾಗುತ್ತದೆಂಬುದನ್ನು ನಾನು ಬಲ್ಲೆ; ಅದನ್ನು ಕೊನೆಗೆ ಹೇಳುತ್ತೇನೆ.

ಈ ಪ್ರಶ್ನೆಯನ್ನು ನನಗೆ ಮೊದಲು ಹಾಕಿದವರು ಯಾವ ವಿಮರ್ಶಕರೂ ಅಲ್ಲ, ವಯಸ್ಸಾದ ಒಬ್ಬ ಮೆಕ್ಯಾನಿಕ್. ನಮ್ಮ ಚಿಕ್ಕಪ್ಪನವರ ಜಾವಾ ಗಾಡಿಯನ್ನು ತಳ್ಳಿಕೊಂಡು ಅವರ ಅಂಗಡಿಗೆ ಹೋಗಿದ್ದೆ. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, ಕೈ ಒರಸಿಕೊಳ್ಳುತ್ತ ಕೇಳಿದರು: "ಸರಿ ಮಾಡ್ಬೇಕೋ ಸಾರ್, ಹೊಸದು ಮಾಡ್ಬೇಕೋ?" ಎರಡಕ್ಕೂ ಏನು ವ್ಯತ್ಯಾಸವೆಂದು ಆಗ ನನಗೆ ತೋಚಲಿಲ್ಲ. ಮುಂದೆ ಕೆಲವು ಪುಸ್ತಕಗಳನ್ನು ಓದುವಾಗ, ಚಿತ್ರಗಳನ್ನು ನೋಡುವಾಗ ಆ ಮಾತು ಮತ್ತೆ ಮತ್ತೆ ನೆನಪಿಗೆ ಬಂತು.

ಇಂಥ ಕೃತಿಗಳಲ್ಲೆಲ್ಲ ಪ್ರಸಿದ್ಧವಾದದ್ದು ಅಮೆರಿಕದ ರಾಬರ್ಟ್ ಪರ್ಸಿಗ್ ಬರೆದು 1974ರಲ್ಲಿ ಪ್ರಕಟವಾದ 'ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್'. ನೂರಿಪ್ಪತ್ತೊಂದು ಪ್ರಕಾಶಕರು ಬೇಡವೆಂದು ತಿರುಗಿಸಿದ ಹಸ್ತಪ್ರತಿ ಅದು. ಅಚ್ಚಾದ ಮೇಲೆ ಲಕ್ಷಗಟ್ಟಲೆ ಜನ ಓದಿದರು. 1968ರಲ್ಲಿ ಲೇಖಕ ತನ್ನ ಹನ್ನೊಂದು ವರ್ಷದ ಮಗ ಕ್ರಿಸ್‌ನನ್ನು ಹಿಂದೆ ಕೂರಿಸಿಕೊಂಡು ಮಿನೆಸೋಟದಿಂದ ಸಾನ್ ಫ್ರಾನ್ಸಿಸ್ಕೋದವರೆಗೆ ಮೋಟಾರ್ ಸೈಕಲ್ಲಿನಲ್ಲಿ ಹೋದ ಪ್ರಯಾಣವೇ ಅದರ ಕಥೆ. ಪುಸ್ತಕದಲ್ಲಿ ಝೆನ್ ಪಂಥದ ವಿಷಯ ಹೆಚ್ಚೇನೂ ಇಲ್ಲ, ಮೋಟಾರ್ ಸೈಕಲ್ಲಿನ ವಿಷಯಕ್ಕೂ ಪೂರ್ತಿ ನಂಬಬೇಡಿ ಎಂದು ಲೇಖಕನೇ ಮೊದಲಿಗೆ ಎಚ್ಚರಿಸುತ್ತಾನೆ. ಆ ಎಚ್ಚರಿಕೆಯ ಅರ್ಧ ವಿನಯ, ಅರ್ಧ ಚೇಷ್ಟೆ.

ಇದರಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಬರುವ ಮೂರು ಸನ್ನಿವೇಶಗಳಿವೆ. ಮೊದಲನೆಯದರಲ್ಲಿ, ಜೊತೆಯಲ್ಲಿ ಬಂದ ಗೆಳೆಯನ ಬೆಲೆಬಾಳುವ ಬಿ.ಎಂ.ಡಬ್ಲ್ಯು. ಗಾಡಿಯ ಹ್ಯಾಂಡಲ್ಲು ಸಡಿಲವಾಗಿ ಜಾರುತ್ತಿರುತ್ತದೆ. ಬಿಯರ್ ಡಬ್ಬದ ತೆಳುವಾದ ಅಲ್ಯುಮಿನಿಯಂ ತಗಡನ್ನು ಕತ್ತರಿಸಿ ಸಂದಿಗೆ ಇಟ್ಟರೆ ಬಿಗಿಯಾಗುತ್ತದೆ ಎಂದು ಕಥೆಗಾರ ಸೂಚಿಸುತ್ತಾನೆ. ಗೆಳೆಯನಿಗೆ ಅವಮಾನವಾಗುತ್ತದೆ: ಇಂಥ ಘನವಾದ ಗಾಡಿಗೆ ಬಿಯರ್ ಡಬ್ಬದ ಚೂರೇ! ಕಥೆಗಾರನಿಗೆ ಕಂಡದ್ದು ಲೋಹದ ಗುಣ. ಗೆಳೆಯನಿಗೆ ಕಂಡದ್ದು ಲೋಹ ಎಲ್ಲಿಂದ ಬಂತೆಂಬುದು. ಜಗತ್ತನ್ನು ನೋಡುವ ಎರಡು ಬಗೆಗಳನ್ನು ಪರ್ಸಿಗ್ ಈ ಚೂರು ತಗಡಿನಿಂದಲೇ ಎತ್ತಿ ತೋರಿಸುತ್ತಾನೆ.

ಎರಡನೆಯದು ವರ್ಕ್‌ಷಾಪಿನ ಸನ್ನಿವೇಶ. ಇಂಜಿನು ಕಚ್ಚಿಕೊಂಡು ನಿಂತ ಗಾಡಿಯನ್ನು ಅಲ್ಲಿಗೆ ಬಿಟ್ಟರೆ, ಗಟ್ಟಿಯಾಗಿ ರೇಡಿಯೋ ಹಚ್ಚಿಕೊಂಡು ನಗುನಗುತ್ತ ಕೆಲಸ ಮಾಡುವ ಹುಡುಗರು ಉಳಿ ಸುತ್ತಿಗೆಗಳಿಂದ ಅದನ್ನು ಇನ್ನಷ್ಟು ಹಾಳುಮಾಡುತ್ತಾರೆ. ಕೊನೆಗೆ ಕಾರಣ ಹೊಳೆಯುವುದು ಯಜಮಾನನಿಗೇ: ಎಣ್ಣೆ ಹರಿಯುವ ವ್ಯವಸ್ಥೆಯೊಳಗೆ ಮುರಿದಿದ್ದ ಒಂದು ಸಣ್ಣ ಪಿನ್ನು, ಕಾಸಿನ ಬೆಲೆಯದು. ಹುಡುಗರಿಗೆ ಕೆಲಸ ಬಾರದೆಂದಲ್ಲ. ಅವರ ಮನಸ್ಸು ಅಲ್ಲಿರಲಿಲ್ಲ. ಅವರು ತಮ್ಮ ಕೆಲಸಕ್ಕೇ ಪ್ರೇಕ್ಷಕರಾಗಿದ್ದರು.

ಮೂರನೆಯದು ಒಂದು ಸ್ಕ್ರೂವಿನ ಕಥೆ. ಪಕ್ಕದ ಮುಚ್ಚಳದ ಸ್ಕ್ರೂ ತುಕ್ಕು ಹಿಡಿದು ಕೂತಿದೆ, ಅದರ ತಲೆಯ ಸೀಳು ಕಿತ್ತುಹೋಗಿದೆ. ಆ ಕ್ಷಣದಲ್ಲಿ ಇಡೀ ಗಾಡಿಯ ಬೆಲೆ ಆ ಸ್ಕ್ರೂವಿನ ಬೆಲೆಗೆ ಸಮನಾಗಿಬಿಡುತ್ತದೆ. ಅದು ಬಿಚ್ಚದ ಹೊರತು ಮುಂದಿನದು ಯಾವುದೂ ಇಲ್ಲ. ಈ ಹವ್ಯಾಸದಲ್ಲಿ ಒಂದು ಭಾನುವಾರವನ್ನಾದರೂ ಕಳೆದವರಿಗೆ ಇದು ಎಷ್ಟು ನಿಜವೆಂದು ಗೊತ್ತು. ಇಲ್ಲಿ ಮನುಷ್ಯನನ್ನು ಕೆಡಿಸುವುದು ಹಟ. ಅದಕ್ಕೆ ಪರ್ಸಿಗ್ ಕೊಡುವ ಉಪಮೆ ದಕ್ಷಿಣ ಭಾರತದ್ದು: ಗೂಟಕ್ಕೆ ಕಟ್ಟಿದ ಟೊಳ್ಳು ತೆಂಗಿನಕಾಯಿಯೊಳಗೆ ಅಕ್ಕಿ ಇಟ್ಟು ಕೋತಿ ಹಿಡಿಯುವ ಉಪಾಯ. ಮುಷ್ಟಿ ಬಿಟ್ಟರೆ ಕೈ ಹೊರಬರುತ್ತದೆ. ಕೋತಿ ಮುಷ್ಟಿ ಬಿಡುವುದಿಲ್ಲ. ನಮ್ಮವರು ಮರ್ಕಟಮುಷ್ಟಿ ಎನ್ನುವುದನ್ನೇ ಅವನು ಇಂಜಿನಿನ ಪಕ್ಕದಲ್ಲಿ ಕಂಡ.

ಪರ್ಸಿಗ್‌ಗೆ ನಮ್ಮ ದೇಶದ ಪರಿಚಯ ಹೊರಗಿನದಲ್ಲ. ಆತ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಕೆಲಕಾಲ ತತ್ತ್ವಶಾಸ್ತ್ರ ಓದಿದ್ದವನು. ಅಲ್ಲಿನ ತರಗತಿಯೊಂದರಲ್ಲಿ ಜಗತ್ತು ಮಾಯೆಯೆಂಬ ಪಾಠ ನಡೆಯುತ್ತಿದ್ದಾಗ, ಹಿರೋಷಿಮಾ ನಾಗಸಾಕಿಗಳ ಮೇಲೆ ಬಿದ್ದ ಬಾಂಬೂ ಮಾಯೆಯೇ ಎಂದು ಕೇಳಿ, ಅಧ್ಯಾಪಕರು ನಕ್ಕು ಹೌದೆಂದಾಗ ಅವನ ಪಾತ್ರ ತರಗತಿಯಿಂದ ಎದ್ದು ಹೊರಡುತ್ತದೆ. ಈ ಪ್ರಸಂಗ ಸುಮ್ಮನೆ ಬಂದದ್ದಲ್ಲ. ಕೈಗೆ ಹತ್ತುವ ಎಣ್ಣೆಯೂ, ಮುರಿದ ಪಿನ್ನೂ ನಿಜವೆಂದು ಒಪ್ಪಿದವನಿಗೆ ಮಾತ್ರ ರಿಪೇರಿ ಸಾಧ್ಯ.

ಆದರೂ ಪುಸ್ತಕದ ದೊಡ್ಡ ಕೊರತೆಯನ್ನು ಹೇಳದಿದ್ದರೆ ವಿಮರ್ಶೆ ಪೂರ್ತಿಯಾಗದು. ಯಂತ್ರದ ಸಣ್ಣ ಸದ್ದಿಗೂ ಕಿವಿಗೊಡುವ ಈ ತಂದೆಗೆ ಹಿಂದೆ ಕುಳಿತ ಮಗನ ಸದ್ದು ಕೇಳಿಸುವುದಿಲ್ಲ. ಹುಡುಗನಿಗೆ ಹೊಟ್ಟೆನೋವು, ಅಳು, ಹಟ. ತಂದೆಗೆ ಗ್ರೀಕ್ ತತ್ತ್ವಜ್ಞಾನಿಗಳ ಮೇಲಿನ ಉಪನ್ಯಾಸ. ಸಾವಿರಾರು ಮೈಲಿ ಹುಡುಗ ಕಂಡದ್ದು ತಂದೆಯ ಬೆನ್ನನ್ನು ಮಾತ್ರ. ಪುಸ್ತಕದ ಕೊನೆಯಲ್ಲಿ ಅವನು ಕಾಲಿಡುವ ಪೆಡಲಿನ ಮೇಲೆ ಎದ್ದು ನಿಂತು ಮೊದಲ ಬಾರಿಗೆ ಮುಂದಿನ ದಾರಿ ನೋಡುತ್ತಾನೆ. ಪರ್ಸಿಗ್‌ನ ಸಿದ್ಧಾಂತಗಳು ಮರೆತುಹೋದ ಮೇಲೂ ಉಳಿಯುವುದು ಈ ಚಿತ್ರ. ಯಂತ್ರದ ಮೇಲಿನ ನಿಗಾ ಒಳ್ಳೆಯ ಗುಣವೇ. ಆದರೆ ಮನುಷ್ಯನನ್ನು ಮರೆಯಲು ಅದೇ ನೆಪವೂ ಆಗಬಲ್ಲದು. ಮೂರನೆಯ ಕರೆಗೂ ತಿಂಡಿಗೆ ಏಳದ ನಮ್ಮ ಗೃಹಸ್ಥ ಇದನ್ನು ಗಮನಿಸಬೇಕು.

ಇಲ್ಲಿ ಇನ್ನೊಬ್ಬ ಅಮೆರಿಕನ್ ಲೇಖಕ ಮ್ಯಾಥ್ಯೂ ಕ್ರಾಫರ್ಡ್‌ನ ಹೆಸರನ್ನೂ ಹೇಳಬೇಕು. ಷಿಕಾಗೋದಲ್ಲಿ ರಾಜಕೀಯ ತತ್ತ್ವಶಾಸ್ತ್ರದ ಡಾಕ್ಟರೇಟ್ ಪಡೆದು, ಸಿಕ್ಕ ಕುರ್ಚಿಯ ಕೆಲಸವನ್ನು ಬಿಟ್ಟು ಮೋಟಾರ್ ಸೈಕಲ್ ರಿಪೇರಿ ಅಂಗಡಿ ತೆರೆದವನು ಆತ. 2009ರಲ್ಲಿ ಬಂದ ಅವನ 'ಷಾಪ್ ಕ್ಲಾಸ್ ಆಸ್ ಸೋಲ್‌ಕ್ರಾಫ್ಟ್' ಪುಸ್ತಕದಲ್ಲಿ ಹಳೆಯ ಹೊಂಡಾ ಗಾಡಿಯೊಂದರ ಪ್ರಸಂಗವಿದೆ. ಎಣ್ಣೆ ಸೋರದಂತೆ ತಡೆಯುವ ಒಂದು ಸೀಲಿನ ಬೆನ್ನು ಹತ್ತಿ ಗಂಟೆಗಟ್ಟಲೆ ಕಳೆದ ಮೇಲೆ ಅವನಿಗೆ ಹೊಳೆಯುತ್ತದೆ: ಇದು ಗಿರಾಕಿಯ ಅಗತ್ಯವಲ್ಲ, ನನ್ನ ಕುತೂಹಲ, ಇದರ ಬಿಲ್ಲನ್ನು ಗಿರಾಕಿಯ ತಲೆಗೆ ಕಟ್ಟುವುದು ನ್ಯಾಯವೇ? ವೃತ್ತಿಗೂ ಹವ್ಯಾಸಕ್ಕೂ ಇರುವ ಗಡಿ ಇದೇ. ವೃತ್ತಿಯವನು ಕುತೂಹಲಕ್ಕೆ ಕಡಿವಾಣ ಹಾಕಬೇಕು. ಹವ್ಯಾಸಿಗೆ ಆ ಕಡಿವಾಣವಿಲ್ಲ, ಹಾಗೆಯೇ ಅವನ ತಪ್ಪಿನ ಬಿಲ್ಲನ್ನು ಕಟ್ಟುವವರೂ ಬೇರೆ ಯಾರೂ ಇಲ್ಲ.

ಅಮೆರಿಕದ ಈ ವಿಚಾರವಂತರಿಂದ ನಮ್ಮ ದೇಶದ ಕಡೆಗೆ ತಿರುಗಿದರೆ ಸಿಗುವುದು ಋತ್ವಿಕ್ ಘಟಕ್ 1958ರಲ್ಲಿ ತೆಗೆದ ಬಂಗಾಳಿ ಚಿತ್ರ 'ಅಜಾಂತ್ರಿಕ್'. ಸುಬೋಧ್ ಘೋಷರ ಅದೇ ಹೆಸರಿನ ಸಣ್ಣಕಥೆ ಅದಕ್ಕೆ ಆಧಾರ. ಅಲೀ ಅಕ್ಬರ್ ಖಾನರದು ಸಂಗೀತ. ರಾಂಚಿಯ ಸುತ್ತಿನ ಗುಡ್ಡಗಾಡಿನಲ್ಲಿ ಟ್ಯಾಕ್ಸಿ ಓಡಿಸುವ ಬಿಮಲನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಇರುವುದು 1920ರ ಒಂದು ಷೆವ್ರೊಲೆ ಕಾರು. ಅದಕ್ಕೆ 'ಜಗದ್ದಲ್' ಎಂದು ಹೆಸರು. ಊರವರು ನಗುತ್ತಾರೆ, ಬಿಮಲ ಅದರೊಡನೆ ಮಾತನಾಡುತ್ತಾನೆ. ರೇಡಿಯೇಟರಿಗೆ ನೀರು ಹೊಯ್ದರೆ ಬಾಯಾರಿದವನು ಗಟಗಟ ಕುಡಿದಂತೆ ಶಬ್ದ. ದೀಪಗಳು ಕಣ್ಣಿನಂತೆ ಹೊರಳುತ್ತವೆ. ಘಟಕ್ ಇದನ್ನು ತಮಾಷೆಯಾಗಿ ಮಾತ್ರ ಮಾಡಿದ್ದರೆ ಚಿತ್ರ ಅಲ್ಲಿಗೇ ಮುಗಿಯುತ್ತಿತ್ತು. ಪ್ರೇಕ್ಷಕರು ನಗುತ್ತಲೇ ಬಿಮಲನ ನಂಬಿಕೆಯೊಳಕ್ಕೆ ಜಾರುವಂತೆ ಮಾಡಿರುವುದು ಆ ನಿರ್ದೇಶಕನ ಹೆಚ್ಚುಗಾರಿಕೆ.

ಯಂತ್ರಕ್ಕೆ ಜೀವವಿದೆಯೆಂಬ ಭಾವನೆ ಪಶ್ಚಿಮದವರಿಗೆ ಒಂದು ಭ್ರಮೆಯಾಗಿ ಕಂಡೀತು. ಆಯುಧಪೂಜೆಯ ದಿನ ಗಾಡಿಗೆ ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣಿಟ್ಟು, ಬಾಳೆಕಂದು ಕಟ್ಟುವ ನಮಗೆ ಅದು ಅಷ್ಟು ವಿಚಿತ್ರವಲ್ಲ. ಆದರೆ ಘಟಕ್ ಅಲ್ಲಿಗೆ ನಿಲ್ಲುವುದಿಲ್ಲ. ಬಿಮಲ ಇದ್ದ ಹಣವನ್ನೆಲ್ಲ ಸುರಿದು ಜಗದ್ದಲನಿಗೆ ಹೊಸ ಭಾಗಗಳನ್ನು ಹಾಕಿಸುತ್ತಾನೆ. ಆದರೂ ಅದು ಕೈಕೊಡುತ್ತದೆ. ಕೊನೆಗೆ ಗುಜರಿಯವನ ಪಾಲಾಗುತ್ತದೆ. ಪ್ರೀತಿಯಿಂದ ಲೋಹದ ಆಯುಷ್ಯ ಹೆಚ್ಚುವುದಿಲ್ಲವೆಂಬ ಕಠಿಣ ಸತ್ಯವನ್ನು ಚಿತ್ರ ಮುಚ್ಚಿಡುವುದಿಲ್ಲ. ಕಟ್ಟಕಡೆಗೆ ಅನಾಥವಾಗಿ ಬಿದ್ದ ಜಗದ್ದಲನ ಹಾರನ್ನನ್ನು ಮಗುವೊಂದು ಹಿಡಿದು ಒತ್ತುತ್ತದೆ. ಆ ಸದ್ದು ಕೇಳಿ ಬಿಮಲನ ಮುಖದಲ್ಲಿ ನಗೆ ಮೂಡುತ್ತದೆ. ಪರ್ಸಿಗ್ ಹಿಂದೆ ಕುಳಿತ ಮಗುವನ್ನು ಕಡೆಗಾಣಿಸಿದ. ಬಿಮಲನಿಗೆ ಮಗುವೇ ಕಡೆಯ ಸಮಾಧಾನ ತಂದಿತು. ಬಿಮಲ ಹವ್ಯಾಸಿಯಲ್ಲ, ಅವನಿಗೆ ಕಾರು ಹೊಟ್ಟೆಪಾಡು ಎಂಬುದನ್ನೂ ನೆನಪಿಡಬೇಕು. ಹೊಟ್ಟೆಪಾಡಿನ ವಸ್ತುವನ್ನು ಪ್ರೀತಿಸುವುದಕ್ಕೂ ಬಿಡುವಿನ ವಸ್ತುವನ್ನು ಪ್ರೀತಿಸುವುದಕ್ಕೂ ತೂಕದಲ್ಲಿ ವ್ಯತ್ಯಾಸವಿದೆ.

ಸರಿಮಾಡಲು ಹೊರಟವರ ಮಾತಾಯಿತು. ಬದಲಾಯಿಸಲು ಹೊರಟವನೊಬ್ಬ ನ್ಯೂಜಿಲೆಂಡಿನ ಬರ್ಟ್ ಮನ್ರೋ. ಅವನ ಕಥೆಯನ್ನು ರೋಜರ್ ಡೊನಾಲ್ಡ್‌ಸನ್ 2005ರಲ್ಲಿ 'ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್' ಎಂಬ ಚಿತ್ರ ಮಾಡಿದ. ಹೆಸರಿನಲ್ಲಿರುವ 'ಇಂಡಿಯನ್' ನಾವಲ್ಲ. ಅದು ಅಮೆರಿಕದ ಒಂದು ಮೋಟಾರ್ ಸೈಕಲ್ ಕಂಪನಿ. 1920ರಲ್ಲಿ ಮನ್ರೋ ಕೊಂಡ ಇಂಡಿಯನ್ ಸ್ಕೌಟ್ ಗಾಡಿ 600 ಸಿ.ಸಿ.ಯದು, ಗಂಟೆಗೆ ಸುಮಾರು 55 ಮೈಲಿ ಓಡುತ್ತಿತ್ತು. ಆತ ಅದನ್ನು ತಿದ್ದುತ್ತ ಹೋದ, ಒಂದೆರಡು ವರ್ಷವಲ್ಲ, ನಾಲ್ಕು ದಶಕ ಮೀರಿ. ಹಳೆಯ ತಗಡಿನ ಡಬ್ಬಗಳನ್ನೇ ಅಚ್ಚುಮಾಡಿಕೊಂಡು ಪಿಸ್ಟನ್ ಎರಕ ಹೊಯ್ದ. ಇಂಜಿನನ್ನು 950 ಸಿ.ಸಿ.ವರೆಗೆ ಹಿಗ್ಗಿಸಿದ. ಕೆಟ್ಟ ಭಾಗಗಳನ್ನು ಎಸೆಯದೆ, ವೇಗದ ದೇವರಿಗೆ ಅರ್ಪಿಸಿದ ಕಾಣಿಕೆಯೆಂದು ಹಲಗೆ ತೂಗುಹಾಕಿ ಸಾಲಾಗಿ ಜೋಡಿಸಿಟ್ಟ. 1967ರಲ್ಲಿ ಅಮೆರಿಕದ ಬಾನವಿಲ್ ಉಪ್ಪಿನ ಬಯಲಿನಲ್ಲಿ, ಅರವತ್ತೆಂಟರ ವಯಸ್ಸಿನಲ್ಲಿ, ಗಂಟೆಗೆ 183.586 ಮೈಲಿಯ ದಾಖಲೆ ಮಾಡಿದ. ಲೆಕ್ಕದಲ್ಲಿ ತಪ್ಪಾಗಿತ್ತೆಂದು 2014ರಲ್ಲಿ ಕಂಡುಬಂದು ಅದನ್ನು 184.087ಕ್ಕೆ ತಿದ್ದಲಾಯಿತು. ತಿದ್ದುವುದೇ ಬಾಳಾಗಿದ್ದವನ ದಾಖಲೆಯೂ ಅವನು ತೀರಿಕೊಂಡ ಮೂವತ್ತಾರು ವರ್ಷಗಳ ಮೇಲೆ ತಿದ್ದುಪಡಿಯಾದದ್ದು ಅವನಿಗೆ ಒಪ್ಪುವಂಥದೇ.

ಚಿತ್ರ ಅವನ ಹಲವು ಪ್ರಯಾಣಗಳನ್ನು ಒಂದಾಗಿ ಹೆಣೆದು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಒಳ್ಳೆಯವರನ್ನಾಗಿ ಮಾಡಿ, ಕಥೆಗೆ ಸಕ್ಕರೆ ಸ್ವಲ್ಪ ಹೆಚ್ಚೇ ಬೆರೆಸಿದೆ. ಆಂಥೊನಿ ಹಾಪ್ಕಿನ್ಸ್‌ನ ಅಭಿನಯ ಆ ಸಿಹಿಯನ್ನು ಸಹ್ಯವಾಗಿಸುತ್ತದೆ. ನಮಗೆ ಮುಖ್ಯವಾದದ್ದು ಬೇರೆ. ಮನ್ರೋ ಮೂಲರೂಪವನ್ನು ಉಳಿಸಲೇ ಇಲ್ಲ. ಆದರೂ ಅವನು ಗಾಡಿಗೆ ದ್ರೋಹ ಬಗೆದನೆಂದು ಯಾರಿಗೂ ಅನ್ನಿಸುವುದಿಲ್ಲ. ಏಕೆ? ನಮ್ಮ ಅಲಂಕಾರಶಾಸ್ತ್ರದಲ್ಲಿ ಕ್ಷೇಮೇಂದ್ರನು ದೊಡ್ಡದು ಮಾಡಿದ 'ಔಚಿತ್ಯ'ವೆಂಬ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅವನ ಒಂದೊಂದು ಬದಲಾವಣೆಯೂ ಒಂದೇ ಗುರಿಗೆ ಹೊಂದುತ್ತದೆ. ಅಷ್ಟೇ ಅಲ್ಲ, ಯಾವುದನ್ನು ತೆಗೆದು ಯಾವುದನ್ನು ಹಾಕಿದೆನೆಂಬುದು ಅವನಿಗೆ ಗೊತ್ತು. ತೆಗೆದದ್ದು ಕಣ್ಣಮುಂದೆಯೇ ಹಲಗೆಯ ಮೇಲಿದೆ. ಸೈಲೆನ್ಸರಿನ ಒಳಕೊಳವೆ ಕಿತ್ತು ಬೀದಿಯ ನಿದ್ದೆ ಕೆಡಿಸುವವನದೂ ಬದಲಾವಣೆಯೇ. ಅಲ್ಲಿ ಗುರಿಯಿಲ್ಲ, ಗಾಡಿಯ ಬಾಯಲ್ಲಿ ತನ್ನ ಹೆಸರು ಕೂಗಿಸುವ ಚಪಲವಿದೆ.

ಈ ಅಳತೆಗೋಲನ್ನು ಹಿಡಿದುಕೊಂಡು ಮೈಸೂರಿಗೆ ಹಿಂದಿರುಗೋಣ. 1961ರಿಂದ ಐಡಿಯಲ್ ಜಾವಾ ಕಾರ್ಖಾನೆ ಈ ಊರಿನಲ್ಲಿ ಗಾಡಿಗಳನ್ನು ತಯಾರಿಸಿತು. 1973ರಿಂದ ಅವಕ್ಕೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕಾದ ಟೂ ಸ್ಟ್ರೋಕ್ ಇಂಜಿನು. ಕಿಕ್ ಹೊಡೆಯುವ ಸನ್ನೆಯೇ ಹೊರಳಿ ಗೇರಿನ ಸನ್ನೆಯಾಗುವ ಚಮತ್ಕಾರ. ಇದನ್ನು ಮೊದಲ ಸಲ ನೋಡಿದವರು ಗೇರು ಎಲ್ಲಿದೆ ಎಂದು ಹುಡುಕುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೂ ಗಾಡಿಗಳು ಉಳಿದವು. ಬಿಡಿಭಾಗಕ್ಕಾಗಿ ಗುಜರಿ ಅಂಗಡಿಗಳನ್ನು ಜಾಲಾಡುವವರ, ಸಿಗದ ಭಾಗವನ್ನು ಲೇತಿನಲ್ಲಿ ಕಡೆಯಿಸುವವರ ಒಂದು ಬಳಗವೇ ಬೆಳೆಯಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದವು. ಹೆಸರು ಮರಳಿತೆಂದು ಹಳಬರು ಸಂತೋಷಪಟ್ಟರು; ತಮ್ಮ ಹಳೆಯ ಗಾಡಿಯನ್ನು ಮಾತ್ರ ಬಿಡಲಿಲ್ಲ.

ಈ ಬಳಗದಲ್ಲಿ ಎಡೆಬಿಡದೆ ನಡೆಯುವ ಒಂದು ವಾದವುಂಟು. 'ಒರಿಜಿನಲ್' ಎಂದರೆ ಯಾವುದು? ಕೆಲವರಿಗೆ, ಕಾರ್ಖಾನೆಯ ಬಾಗಿಲಿನಿಂದ ಹೊರಬಂದ ದಿನ ಗಾಡಿ ಹೇಗಿತ್ತೋ ಹಾಗೆ: ಅದೇ ಬಣ್ಣ, ಅದೇ ಬೋಲ್ಟು, ಅದೇ ಮೊಣಕಾಲ ರಬ್ಬರು. ಆದರೆ ಸ್ವಲ್ಪ ಯೋಚಿಸಿದರೆ ಮೈಸೂರಿನ ಜಾವಾ ತಾನೇ ಒಂದು ರೂಪಾಂತರ. ಅದರ ಮೂಲ ಚೆಕ್ ದೇಶದ್ದು. 'ಜಾವಾ' ಎಂಬ ಹೆಸರು 1929ರಲ್ಲಿ ಯಾನೆಚೆಕ್ ಎಂಬ ಕಾರ್ಖಾನೆದಾರನ ಹೆಸರಿನ ಮೊದಲ ಅಕ್ಷರಗಳಿಗೆ ಜರ್ಮನಿಯ ವಾಂಡರರ್ ಗಾಡಿಯ ಮೊದಲ ಅಕ್ಷರಗಳು ಸೇರಿ ಆದದ್ದು. ಅಂದರೆ ಮೂಲವೇ ಮಿಶ್ರಣ. ಅದು ಮೈಸೂರಿಗೆ ಬಂದು ಮೈಸೂರಿನ ಕೈಗಳಲ್ಲಿ ಮೈಸೂರಿನದಾಯಿತು. ಪರಭಾಷೆಯ ಕಾವ್ಯವನ್ನು ತಂದು ತನ್ನದಾಗಿಸಿಕೊಳ್ಳುವುದರಲ್ಲಿ ಪಳಗಿದ ಕನ್ನಡಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸರಕಾರವೂ ಈ ವಿಮರ್ಶೆಯಲ್ಲಿ ತನ್ನ ಮಾತು ಸೇರಿಸಿದೆ. 2021ರ ಕೇಂದ್ರ ನಿಯಮದಂತೆ, ಐವತ್ತು ವರ್ಷ ಮೀರಿ, ಚಾಸಿ, ಬಾಡಿ, ಇಂಜಿನುಗಳಲ್ಲಿ ದೊಡ್ಡ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರುವ ವಾಹನಕ್ಕೆ 'ವಿಂಟೇಜ್' ಮನ್ನಣೆ, ನಂಬರಿನಲ್ಲಿ 'ವಿಎ' ಎಂಬ ಗುರುತು. ಅದಕ್ಕೆ ಎರಡು ವರ್ಷ ಮುಂಚೆ, 2019ರಲ್ಲಿ, ಕಾರ್ಖಾನೆಯ ವಿವರಗಳಿಗೆ ವಿರುದ್ಧವಾಗುವಂತೆ ವಾಹನಗಳನ್ನು ಬದಲಿಸಕೂಡದೆಂದು ಸುಪ್ರೀಂ ಕೋರ್ಟು ಹೇಳಿತು. ರಸ್ತೆಯ ಮೇಲೆ ಇತರರ ಜೀವದ ಪ್ರಶ್ನೆಯಿರುವುದರಿಂದ ಇದು ಸರಿಯೇ. ಬ್ರೇಕು ಬಾರದ ಸೃಜನಶೀಲತೆ ಯಾರಿಗೂ ಬೇಡ. ಆದರೆ ಕಾನೂನು ನೋಡುವುದು ಗಾಡಿಯ ಹುಟ್ಟನ್ನು. ಗಾಡಿಯ ಬಾಳನ್ನು ನೋಡುವ ಹೊಣೆ ಯಾರದು?

ಗ್ರಂಥಸಂಪಾದನೆಯ ವಿವೇಕ ಬೇಕಾಗುವುದು ಇಲ್ಲಿ. ಒಳ್ಳೆಯ ಸಂಪಾದಕ ಮೂಲಪಾಠವನ್ನು ಹುಡುಕುತ್ತಾನೆ ನಿಜ. ಆದರೆ ಪಾಠಾಂತರಗಳನ್ನು ಒರೆಸಿಹಾಕುವುದಿಲ್ಲ, ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಪ್ರಕ್ಷಿಪ್ತವೆಂದು ತೋರಿದ ಪದ್ಯವನ್ನೂ ಪರಿಶಿಷ್ಟದಲ್ಲಿಡುತ್ತಾನೆ. ಹಳೆಯ ಗಾಡಿಯ ಸವೆತ, ಬೆಸುಗೆ, ಯಾರೋ ಊರ ಕಮ್ಮಾರ ಹಾಕಿಕೊಟ್ಟ ಬ್ರಾಕೆಟ್ಟು ಇವೆಲ್ಲ ಅದರ ಪಾಠಾಂತರಗಳು. ನಮ್ಮ ಊರುಗಳ ಹಳೆಯ ದೇಗುಲಗಳಿಗೆ ಜೀರ್ಣೋದ್ಧಾರದ ಹೆಸರಿನಲ್ಲಿ ಆಗಿರುವುದನ್ನು ಬಲ್ಲೆವು: ಕಂಬಗಳಿಗೆ ಎಣ್ಣೆಬಣ್ಣ, ನೆಲಕ್ಕೆ ಹೊಳೆಯುವ ಕಲ್ಲು, ಶಾಸನದ ಮೇಲೆ ಸುಣ್ಣ. ಭಕ್ತಿಯಲ್ಲಿ ಕೊರತೆಯಿರಲಿಲ್ಲ, ಕಡಮೆಯಾದದ್ದು ವಿವೇಕ. ಉದ್ಧಾರವಾಯಿತು; ಜೀರ್ಣವೂ ಪೂರ್ತಿ ಹೋಯಿತು.

ಈಗ ನನ್ನ ತಪ್ಪೊಪ್ಪಿಗೆ. ಚಿಕ್ಕಪ್ಪ 1968ರಲ್ಲಿ ಕೊಂಡ ಜಾವಾ ಅವರು ಹೋದ ಮೇಲೆ ಬಹಳ ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಟ್ಯಾಂಕಿನ ಎಡಭಾಗದಲ್ಲಿ ಅವರ ಮೊಣಕಾಲು ಉಜ್ಜಿ ಉಜ್ಜಿ ಕ್ರೋಮಿಯಂ ಲೇಪ ಮಾಸಿತ್ತು. ಟೂಲ್ ಬಾಕ್ಸಿನ ಮುಚ್ಚಳದ ಒಳಮೈಯಲ್ಲಿ ಬಿಳಿ ಬಣ್ಣದಿಂದ, ತಮ್ಮ ದುಂಡಕ್ಷರದಲ್ಲಿ, ಅವರು ಎಣ್ಣೆ ಬದಲಿಸಿದ ತಾರೀಖುಗಳನ್ನು ಬರೆದಿದ್ದರು. ನಡುವೆ ಒಂದು ತಾರೀಖಿನ ಪಕ್ಕದಲ್ಲಿ ಅವರ ಮಗಳು ಹುಟ್ಟಿದ ದಿನವೂ ಇತ್ತು. ಆ ರಾತ್ರಿ ಗಾಡಿ ಒಂದೇ ಕಿಕ್ಕಿಗೆ ಹೊತ್ತಿಕೊಂಡಿತೆಂದು ಟಿಪ್ಪಣಿ. ಮುದುಕ ಮೆಕ್ಯಾನಿಕ್ ಕೇಳಿದ ಪ್ರಶ್ನೆಗೆ ನಾನು "ಸರಿ ಮಾಡಿ ಸಾಕು" ಎಂದಿದ್ದರೆ ಅವರು ಇಂಜಿನು ಬಿಚ್ಚಿ, ಪಾಯಿಂಟು ಪ್ಲಗ್ಗು ನೋಡಿ, ಟೈರು ಬದಲಿಸಿ ಕೊಟ್ಟುಬಿಡುತ್ತಿದ್ದರು. ನನಗೆ ಪತ್ರಿಕೆಗಳಲ್ಲಿ ಕಂಡ ಹೊಳೆಯುವ ಗಾಡಿಗಳ ಚಿತ್ರ ತಲೆಯಲ್ಲಿತ್ತು. "ಹೊಸದೇ ಆಗಲಿ" ಎಂದೆ. ಅವರು, ಅದು ನನ್ನ ಕೈಯ ಕೆಲಸವಲ್ಲ ಸಾರ್, ಎಂದು ತಲೆಯಾಡಿಸಿದರು. ನಾನು ಬೇರೆ ಊರಿನ ಒಂದು ದೊಡ್ಡ ವರ್ಕ್‌ಷಾಪಿಗೆ ಕೊಟ್ಟೆ.

ನಾಲ್ಕು ತಿಂಗಳಿಗೆ ಗಾಡಿ ಬಂತು. ಕನ್ನಡಿಯಂಥ ಕೆಂಪು ಬಣ್ಣ, ಕಣ್ಣು ಕೋರೈಸುವ ಕ್ರೋಮಿಯಂ. ಮುಚ್ಚಳ ತೆಗೆದು ನೋಡಿದೆ. ಒಳಮೈಯೂ ಅಷ್ಟೇ ಕೆಂಪಗೆ ನುಣ್ಣಗಿತ್ತು. ಅವರ ತಪ್ಪೇನೂ ಇರಲಿಲ್ಲ. ಹೊಸದು ಮಾಡಿ ಎಂದವನು ನಾನೇ. ಅವರು ಹೊಸದು ಮಾಡಿದ್ದರು. ಚಿಕ್ಕಮ್ಮ ಹೊರಗೆ ಬಂದು ಸೆರಗಿನಿಂದ ಕೈ ಒರಸಿಕೊಳ್ಳುತ್ತ ಗಾಡಿ ನೋಡಿದರು. "ಚೆನ್ನಾಗಿದೆ ಕಣಪ್ಪ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಯಾರದು?" ಎಂದು ಕೇಳಿದರು.

ಆ ಮಾತಿಗೆ ನನ್ನ ಬಳಿ ಇಂದಿಗೂ ಉತ್ತರವಿಲ್ಲ. ಮೇಲೆ ಹೇಳಿದ ಕೃತಿಗಳನ್ನೆಲ್ಲ ಓದಿ ನೋಡಿದ ಮೇಲೆ ಇಷ್ಟು ಮಾತ್ರ ತಿಳಿದಿದೆ: ಪರ್ಸಿಗ್‌ನ ನಿಗಾ, ಬಿಮಲನ ಪ್ರೀತಿ, ಮನ್ರೋನ ಧೈರ್ಯ ಮೂರೂ ಒಪ್ಪುವಂಥವೇ, ಏಕೆಂದರೆ ಮೂವರಿಗೂ ತಮ್ಮ ಕೈಯಲ್ಲಿರುವ ಯಂತ್ರದ ಗುರುತಿತ್ತು. ನನಗಿದ್ದದ್ದು ಬರಿಯ ಹೊಳಪಿನ ಆಸೆ. ಗಾಡಿಯನ್ನು ಬದಲಿಸುವುದು ತಪ್ಪಲ್ಲ; ಏನನ್ನು ಬದಲಿಸುತ್ತಿದ್ದೇನೆಂದು ಓದಿ ನೋಡದೆ ಬದಲಿಸುವುದು ತಪ್ಪು. ಓದುಗ ಮಿತ್ರರಲ್ಲಿ ಈ ಗೀಳಿನವರಿದ್ದರೆ ಅವರಿಗೆ ನನ್ನದೊಂದು ಬಿನ್ನಹ. ಬಿಚ್ಚುವ ಮುಂಚೆ ಎಲ್ಲ ಕಡೆಯಿಂದಲೂ ಚಿತ್ರ ತೆಗೆದಿಡಿ. ಬದಲಿಸಿದ ಭಾಗವನ್ನು ಎಸೆಯದೆ ಚೀಟಿ ಕಟ್ಟಿಡಿ. ಬಣ್ಣ ಬಳಿಯುವ ಮೊದಲು ಒದ್ದೆಬಟ್ಟೆಯಿಂದ ಒರಸಿ ನೋಡಿ. ಮುಚ್ಚಳಗಳ ಒಳಗನ್ನು ತಪ್ಪದೆ ನೋಡಿ. ಮನೆಯ ಹಿರಿಯರನ್ನು ಕರೆದು ಒಮ್ಮೆ ತೋರಿಸಿ.

ಹಾಗೆಯೇ, ತಿಂಡಿಗೆ ಕರೆದಾಗ ಮೊದಲ ಕರೆಗೇ ಏಳಿ. ಈ ಹಾಳೆಯನ್ನು ಓದಿ ಮುಗಿಸಿದ ಮೇಲೆ ಕಾರ್ಬುರೇಟರಿನ ಕೆಳಗೆ ಹಾಸಿಕೊಂಡರೂ ನನ್ನ ಅಭ್ಯಂತರವಿಲ್ಲ.